ಶುಕ್ರನ ಮೋಡದಲ್ಲಿ ಮನೆ: ಬೇಕಾ, ಬೇಡವಾ?

ಪರ

ಬೇರೆ ಗ್ರಹದಲ್ಲಿ ವಾಸ ಅಂದ ಕೂಡಲೇ ಎಲ್ಲರ ಬಾಯಲ್ಲೂ ಮಂಗಳ. ಶುಕ್ರನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿನ ನೆಲ ಸುಮಾರು 465 ಡಿಗ್ರಿ ಕಾದಿರುತ್ತದೆ, ಸೀಸ ಕರಗುವಷ್ಟು, ನಿಜ. ಆದರೆ ನೆಲಕ್ಕೇ ಯಾಕೆ ಇಳಿಯಬೇಕು? ಸುಮಾರು 55 ಕಿಲೋಮೀಟರ್ ಎತ್ತರದಲ್ಲಿ 27 ಡಿಗ್ರಿ ಆಸುಪಾಸು ಇರುತ್ತದೆ, ಗಾಳಿಯ ಒತ್ತಡ ನಮ್ಮಲ್ಲಿನ ಅರ್ಧದಷ್ಟು. ಮಂಗಳನಲ್ಲಿ ಅದು ನೂರರಲ್ಲಿ ಒಂದು ಪಾಲೂ ಇಲ್ಲ, ಸೂಟು ಹರಿದರೆ ಪ್ರಾಣವೇ ಹೋಗುತ್ತದೆ. ಶುಕ್ರನ ಮೋಡದಲ್ಲಿ ಒಳಗೂ ಹೊರಗೂ ಒಂದೇ ಒತ್ತಡ ಇಟ್ಟುಕೊಂಡರೆ ತೂತು ಬಿದ್ದರೂ ಗಾಳಿ ನಿಧಾನಕ್ಕೆ ಸೋರುತ್ತದೆ, ತೇಪೆ ಹಾಕುವಷ್ಟು ಹೊತ್ತು ಸಿಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಇದು: ಅಲ್ಲಿನ ಗಾಳಿಯಲ್ಲಿ ಸುಮಾರು 96% ಇಂಗಾಲದ ಡೈಆಕ್ಸೈಡ್, ನಾವು ಉಸಿರಾಡುವ ಗಾಳಿ ಅದಕ್ಕಿಂತ ಹಗುರ. ಅಂದ್ರೆ ಮನೆಯೊಳಗಿನ ಗಾಳಿಯೇ ಮನೆಯನ್ನು ತೇಲಿಸುತ್ತದೆ! ಬರೀ ಊಹೆಯೂ ಅಲ್ಲ. 1985ರಲ್ಲಿ ಸೋವಿಯತ್ ವೇಗಾ ನೌಕೆಗಳು ಬಿಟ್ಟ ಎರಡು ಹೀಲಿಯಂ ಬಲೂನುಗಳು ಅಲ್ಲಿ 54 ಕಿಲೋಮೀಟರ್ ಎತ್ತರದಲ್ಲಿ ಹೆಚ್ಚುಕಮ್ಮಿ ಎರಡು ದಿನ ತೇಲಿ ಮಾಹಿತಿ ಕಳಿಸಿದವು.

ಗುರುತ್ವವೂ ಭೂಮಿಯ 90%. ಮಂಗಳನಲ್ಲಿ ಬರೀ 38%, ಅಲ್ಲಿ ಹುಟ್ಟಿ ಬೆಳೆಯುವ ಮಗುವಿನ ಮೂಳೆ ಹೇಗಿರುತ್ತದೋ ಯಾರಿಗೂ ಗೊತ್ತಿಲ್ಲ.

ವಿರೋಧ

ಎರಡು ದಿನ ಬಲೂನು ತೇಲಿತು, ಒಪ್ಪಿದೆ. ಆ ಬಲೂನು, ಯಂತ್ರ ಎಲ್ಲಾ ಸೇರಿ ಇದ್ದದ್ದು ಸುಮಾರು 21 ಕಿಲೋ. ಸಂಸಾರ ಹೂಡುವುದು ಬೇರೆ ಮಾತು. ಅಲ್ಲಿ ಕಲ್ಲಿಲ್ಲ, ಮಣ್ಣಿಲ್ಲ, ಕಬ್ಬಿಣ ಇಲ್ಲ. ಒಂದು ಮೊಳೆ ಬೇಕಾದರೂ ಭೂಮಿಯಿಂದಲೇ ಬರಬೇಕು. ಸುತ್ತ ಇರುವ ಮೋಡವೋ ಗಂಧಕಾಮ್ಲದ ಹನಿ, ಕುಡಿಯುವ ನೀರನ್ನು ಅದರಿಂದಲೇ ಹಿಂಡಬೇಕು. ಮಂಗಳನಲ್ಲಿ ಹಾಗಲ್ಲ: 2008ರಲ್ಲಿ ಫೀನಿಕ್ಸ್ ನೌಕೆ ಸುಮ್ನೆ ಸ್ವಲ್ಪ ಮಣ್ಣು ಕೆರೆದಾಗಲೇ ಮಂಜುಗಡ್ಡೆ ಕಂಡಿತು. ಅಲ್ಲಿನ ಗಾಳಿಯಿಂದ ಆಮ್ಲಜನಕ ತೆಗೆಯುವುದನ್ನೂ ಪರ್ಸಿವಿಯರೆನ್ಸ್ ರೋವರ್ 2021ರಲ್ಲೇ ಮಾಡಿ ತೋರಿಸಿತು. ಏನಾದರೂ ಕೆಟ್ಟರೆ ಕಾಲ ಕೆಳಗೆ ನೆಲವಾದರೂ ಇರುತ್ತದೆ, ಅಲ್ವಾ? ಶುಕ್ರನಲ್ಲಿ ಬಲೂನು ಕೆಳಗೆ ಜಾರಿದರೆ ಬಿಸಿಯೂ ಒತ್ತಡವೂ ಏರುತ್ತಲೇ ಹೋಗುತ್ತವೆ. 1982ರಲ್ಲಿ ನೆಲ ಮುಟ್ಟಿದ ವೆನೆರಾ 13, ಗಟ್ಟಿ ಲೋಹದ ನೌಕೆ, ಬದುಕಿದ್ದು 127 ನಿಮಿಷ.

ಇನ್ನು ವಾಪಸ್ ಬರುವ ಮಾತು. ಪರದವರು ಹೊಗಳುವ ಆ 90% ಗುರುತ್ವವೇ ಇಲ್ಲಿ ಕಾಲು ಹಿಡಿದು ಎಳೆಯುತ್ತದೆ. ಕಕ್ಷೆ ಸೇರಲು ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ವೇಗ ಬೇಕು, ಮಂಗಳನಲ್ಲಿ ಅದರ ಅರ್ಧ ಸಾಕು. ಅಂಥ ರಾಕೆಟ್ಟನ್ನು ಇಂಧನ ತುಂಬಿಸಿ ಬಲೂನಿಗೆ ನೇತುಹಾಕಿಕೊಂಡೇ ಬದುಕಬೇಕು. ಅದು ಹೊರಟ ಕ್ಷಣ ಅಷ್ಟೂ ಭಾರ ಒಮ್ಮೆಗೇ ಕಳಚಿ ಮನೆ ಮೇಲಕ್ಕೆ ಚಿಮ್ಮುತ್ತದೆ. ಒಳಗೆ ಉಳಿದವರನ್ನು ಯಾರು ಕಾಯುತ್ತಾರೆ?