ಇಲ್ಲದ ಇಲ್ಲಣ

ಕಾರು ಸರ್ವಿಸಿಗೆ ಬಿಟ್ಟು ಸಂಜೆ ಬಿಲ್ಲು ನೋಡಿದವರಿಗೆಲ್ಲ ಈ ಕಥೆ ಗೊತ್ತು. ಆಯಿಲು, ಫಿಲ್ಟರು, ವೀಲ್ ಅಲೈನ್‌ಮೆಂಟು, ಅದರ ಕೆಳಗೆಲ್ಲೋ ‘ಇಂಜಿನ್ ಡಿಕಾರ್ಬನೈಸಿಂಗ್’, ಅಂದರೆ ಇಂಜಿನ್ನೊಳಗಿನ ಮಸಿ ತೆಗೆಯುವುದು. ನನ್ನ ಬಿಲ್ಲಿನಲ್ಲಿ ಅದಕ್ಕೆ 3,800 ರೂಪಾಯಿ. ಬೆಳಗ್ಗೆ ಗಾಡಿ ಗೇಟು ದಾಟುವಷ್ಟರಲ್ಲೇ ಇಸ್ತ್ರಿ ಅಂಗಿಯ ಹುಡುಗ ಟ್ಯಾಬ್ ಹಿಡಿದು ಬಂದು, “ಸಾರ್, ಕಾರ್ಬನ್ ತುಂಬಾ ಕೂತಿದೆ” ಎಂದಿದ್ದ. ಬಾನೆಟ್ ಎತ್ತಿರಲಿಲ್ಲ. ನಾನಿನ್ನೂ ಸೀಟ್ ಬೆಲ್ಟ್ ಬಿಚ್ಚಿರಲಿಲ್ಲ. ಕಣಿ ಹೇಳುವವರು ಕೂಡ ನಾಲ್ಕು ಕವಡೆಯಾದರೂ ಹರಡಿ ನೋಡುತ್ತಾರೆ ಮಾರಾಯ್ರೆ.

ಬೇಡ ಅಂದೆ. “ಆಮೇಲೆ ಏನಾದ್ರೂ ಆದ್ರೆ ವಾರಂಟಿ ಕಷ್ಟ ಸಾರ್” ಅಂದ. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಕೊಡಗು ಜಿಲ್ಲೆಯವನು ನಾನು. ತಕ್ಷಣ ಸಹಿ ಹಾಕಿದೆ.

ಕಾರ್ಬನ್ ಅನ್ನೋದು ಸುಳ್ಳಲ್ಲ. ಇಂಜಿನ್ನಿನ ಹೊಟ್ಟೆಯೊಳಗೆ ಏಳುವ ಆಯಿಲಿನ ಆವಿಯನ್ನು ಹೊರಗೆ ಬಿಡಬಾರದೆಂದು ಪಿಸಿವಿ ವಾಲ್ವಿನ ಮೂಲಕ ಮತ್ತೆ ಗಾಳಿ ಎಳೆದುಕೊಳ್ಳುವ ದಾರಿಗೇ ತಿರುಗಿಸುತ್ತಾರೆ. ಡೀಸೆಲ್ ಗಾಡಿಯಾದರೆ ಇಜಿಆರ್ ಎಂಬುದು ಸೈಲೆನ್ಸರಿಗೆ ಹೊರಟ ಹೊಗೆಯಲ್ಲೂ ಒಂದು ಪಾಲನ್ನು ಅದೇ ದಾರಿಗೆ ತಂದು ಸುರಿಯುತ್ತದೆ. ಸಿಲಿಂಡರಿಗೆ ಗಾಳಿ ಬಿಡುವ ಬಿಸಿ ವಾಲ್ವಿನ ಬೆನ್ನ ಮೇಲೆ ಇದೆಲ್ಲ ಕೂತು, ಬೆಂದು, ನಮ್ಮ ಕಪ್ಪು ಹುಳಿರಸ ಕಾಚಂಪುಳಿಯನ್ನು ಬತ್ತಿಸಿ ಬತ್ತಿಸಿ ತಳ ಹಿಡಿಸಿದ ಹಾಗೆ ಆಗುತ್ತದೆ. ಸೌದೆ ಒಲೆಯ ಮೇಲೆ ಅಟ್ಟದಲ್ಲಿ ಇಲ್ಲಣ ಜೋತುಬೀಳುತ್ತಿತ್ತಲ್ಲ, ಅದರ ತಮ್ಮ. ಅಜ್ಜಿ ಅದನ್ನು ಹುತ್ತರಿಗೆ ಮೊದಲು ಪೊರಕೆಯಲ್ಲಿ ಹೊಡೆದು ಕೆಡವುತ್ತಿದ್ದಳು. ಆದರೆ ಮೊದಲು ತಲೆ ಎತ್ತಿ ನೋಡುತ್ತಿದ್ದಳು.

ಸರ್ವಿಸಾಗಿ ಬಂದ ಗಾಡಿ ಮಾರನೇ ದಿನ ಬೆಳಗ್ಗೆ ಮೊದಲಿನ ಹಾಗೇ ನಡುಗಿತು. ಗೋಣಿಕೊಪ್ಪದ ಹತ್ತಿರ ನಮಗೊಬ್ಬರು ಮೆಕ್ಯಾನಿಕ್ ಇಕ್ಕ (ಅಣ್ಣ ಅಂದ ಹಾಗೆ) ಇದ್ದಾರೆ, ತಗಡಿನ ಶೆಡ್ಡು, ಹಳೇ ಜೀಪುಗಳ ಡಾಕ್ಟರು. ಬಿಲ್ಲು ತೋರಿಸಿದೆ. ಓದಿ ನಕ್ಕರು. “ಸಾರೇ, ನಿಮ್ಮದು ಪೋರ್ಟ್ ಇಂಜೆಕ್ಷನ್. ಪೆಟ್ರೋಲು ವಾಲ್ವಿನ ಬೆನ್ನ ಮೇಲೇ ಬೀಳ್ತದೆ, ಅದೇ ತೊಳೀತದೆ. ತೊಳೆದ ಪಾತ್ರೆಗೆ ದುಡ್ಡು ಕೊಟ್ಟು ಬಂದಿರಾ?” ಸ್ಕ್ಯಾನರ್ ಚುಚ್ಚಿದರು. ಪಿ0302 ಅಂತ ಕೋಡು ಬಂತು, ಅಂದರೆ ಎರಡನೇ ಸಿಲಿಂಡರು ಮಿಸ್‌ಫೈರ್, ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಎರಡನೆಯದರ ಕಿಡಿ ಹೊತ್ತಿಸುವ ಕಾಯಿಲ್ ಕಿತ್ತು ಮೂರನೆಯದಕ್ಕೆ, ಅಲ್ಲಿದ್ದದ್ದನ್ನು ಇಲ್ಲಿಗೆ ಹಾಕಿ ಮತ್ತೆ ಓಡಿಸಿದರು. ಪಿ0303 ಬಂತು. ರೋಗ ಕಾಯಿಲಿನ ಜೊತೆಗೇ ನಡೆದುಹೋಗಿತ್ತು. ಕಾಯಿಲ್ ಬದಲಾಯಿಸಿದರು, ನಡುಕ ನಿಂತಿತು. ಹತ್ತು ನಿಮಿಷದ ಕೆಲಸ. ಟ್ಯಾಬ್ ಇರಲಿಲ್ಲ.

ನಿಜವಾಗಿ ಕಾರ್ಬನ್ ಕೂತಿದ್ದು ನಮ್ಮ ಬಾವನ ಗಾಡಿಯಲ್ಲಿ. ಅದು ಡೈರೆಕ್ಟ್ ಇಂಜೆಕ್ಷನ್. ಪೆಟ್ರೋಲು ನೇರ ಸಿಲಿಂಡರಿನೊಳಗೇ ಚಿಮ್ಮುತ್ತದೆ, ವಾಲ್ವಿನ ಬೆನ್ನಿಗೆ ಒಂದು ಹನಿ ಸೋಕುವುದಿಲ್ಲ. ಬಾವ ವರ್ಷದಿಂದ ಟ್ಯಾಂಕಿಗೆ ಬಾಟಲಿ ಬಾಟಲಿ ಕ್ಲೀನರ್ ಸುರಿಯುತ್ತಿದ್ದ. ತಲೆನೋವಿಗೆ ಚಪ್ಪಲಿಗೆ ಮುಲಾಮು ಹಚ್ಚಿದ ಹಾಗೆ. ಅವನ ಬಿಲ್ಲಿನಲ್ಲೂ ಡಿಕಾರ್ಬನೈಸಿಂಗ್ ಇತ್ತು: ಅದೇ 3,800, ಅದೇ ಮಸಿ ತೊಳೆಯುವ ನೊರೆಯ ಡಬ್ಬಿ. ಕಾರ್ಬನ್ ಇದ್ದವನಿಗೂ ಇಲ್ಲದವನಿಗೂ ಒಂದೇ ದರ. ಇಂಥ ಸಮಾನತೆ ನಮ್ಮ ದೇಶದಲ್ಲಿ ಬೇರೆ ಎಲ್ಲಿ ಸಿಗುತ್ತದೆ ಹೇಳಿ.

ಇಕ್ಕ ಅವನ ಇಂಜಿನ್ನಿಗೆ ಬೋರ್‌ಸ್ಕೋಪ್ ಇಳಿಸಿ ಫೋನಿನಲ್ಲಿ ತೋರಿಸಿದರು, ಹೊಟ್ಟೆಗೆ ಎಂಡೋಸ್ಕೋಪಿ ಮಾಡಿದಂತೆ. ಕಪ್ಪು ಹವಳ. ನೊರೆಗೆಲ್ಲ ಜಗ್ಗುವುದಲ್ಲ. ಗಾಳಿ ಒಳಗೆ ಹೋಗುವ ಕೊಳವೆ, ಅಂದರೆ ಮ್ಯಾನಿಫೋಲ್ಡ್ ಬಿಚ್ಚಿ, ಆ ಸಿಲಿಂಡರಿನ ವಾಲ್ವ್ ಪೂರ್ತಿ ಮುಚ್ಚಿರುವಂತೆ ಇಂಜಿನ್ ತಿರುಗಿಸಿಟ್ಟು, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆಯುತ್ತಾರಂತೆ. ಮಸಿಯನ್ನು ಕೆರೆಯುವಷ್ಟು ಗಟ್ಟಿ, ಲೋಹಕ್ಕೆ ಗೀರು ಬೀಳದಷ್ಟು ಮೆತ್ತಗೆ. ಕೇಳಿ ನನಗೆ ಹೊಟ್ಟೆಯುರಿಯಿತು. ಕಾಫಿ ಹಣ್ಣು ಸುಲಿಯುವ ಪಲ್ಪರಿನ ಪಕ್ಕದಲ್ಲಿ ಕಾಫಿ ಸಿಪ್ಪೆ ಗುಡ್ಡೆ ಬಿದ್ದು ಕೊಳೆಯುತ್ತಿದೆ, ಮೂಸುವವರಿಲ್ಲ. ಅಕ್ರೋಟಿನ ಚಿಪ್ಪಿಗೆ ನೋಡಿ ಭಾಗ್ಯ. ಯಾರಾದರೂ ಕಾಫಿ ಹೊಟ್ಟಿನಲ್ಲಿ ಇಂಜಿನ್ ಉಜ್ಜುವುದನ್ನು ಕಂಡುಹಿಡಿದರೆ ಬೆಳೆಗಾರರೆಲ್ಲ ಸೇರಿ ಅವನಿಗೊಂದು ಪೀಚೆಕತ್ತಿ, ನಮ್ಮ ಕೊಡವರು ಸೊಂಟಕ್ಕೆ ಸಿಕ್ಕಿಸುವ ಬಾಕು, ಕೊಡಬಹುದು.

ಆ ಹುಡುಗ ನನಗೆ ಉಚಿತ ಸಲಹೆಯನ್ನೂ ಕೊಟ್ಟಿದ್ದ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಎಳೆದು ಓಡಿಸಬೇಕಂತೆ, ಕಾರ್ಬನ್ ಕೂರುವುದಿಲ್ಲವಂತೆ. ಎಲ್ಲಿ ಎಳೆಯಲಿ? ಆನೆಕಾಡಿನಲ್ಲಿ ಆನೆ, ಸುಂಟಿಕೊಪ್ಪದಲ್ಲಿ ಹಂಪು, ಸಂಪಾಜೆ ಘಾಟಿಯಲ್ಲಿ ಎದುರಿಗೆ ಲಾರಿ, ಮಳೆಗಾಲದಲ್ಲಿ ಕೆಲವೊಮ್ಮೆ ರಸ್ತೆಯೇ ಇರುವುದಿಲ್ಲ. ಶನಿವಾರ ಮಡಿಕೇರಿಗೆ ಹಾಲು ತರಲು ಹೊರಟರೆ ರಾಜಾಸೀಟಿನ ಸೂರ್ಯಾಸ್ತ ನೋಡಲು ಬಂದವರ ಬಾಲದಲ್ಲಿ ಫಸ್ಟ್ ಗೇರಿನಲ್ಲೇ ನಮ್ಮ ಸೂರ್ಯಾಸ್ತ. ಇದೇ ಜಿಲ್ಲೆಯಲ್ಲಿ ಪೊಲ್ಯೂಷನ್ ಸರ್ಟಿಫಿಕೇಟಿಗೆ ಸೈಲೆನ್ಸರೊಳಗೆ ನಳಿಗೆ ತೂರಿಸದೆ ನಂಬರ್ ಪ್ಲೇಟಿನ ಫೋಟೊ ಹೊಡೆದು ಕಳಿಸಿದವರನ್ನೂ ಕಂಡಿದ್ದೇನೆ. ಒಬ್ಬರು ಹೊಗೆ ನೋಡದೆ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಮಸಿ ನೋಡದೆ ಇದೆ ಅನ್ನುತ್ತಾರೆ.

ತಮಾಷೆ ಸಾಕು. ಆ ದಿನ ನನ್ನ ಹಿಂದೆ ನಿಂತಿದ್ದವರು ಒಬ್ಬ ನಿವೃತ್ತ ಟೀಚರ್, ಪುಟ್ಟ ಹಳೇ ಕಾರು. ಅವರಿಗೂ ಅದೇ ಮಾತು, ಅದೇ ವಾರಂಟಿಯ ಹೆದರಿಕೆ. ಅವರ ಗಾಡಿಗೆ ವಾರಂಟಿ ಮುಗಿದು ಎಷ್ಟು ವರ್ಷವಾಗಿತ್ತೋ. ಪಾಪ, ಪರ್ಸು ತೆಗೆದು ಎಣಿಸಿ ಕೊಟ್ಟರು. ಪರೀಕ್ಷೆ ಮಾಡದೆ ಕಾಯಿಲೆ ಇದೆ ಎಂದು ಹೆದರಿಸಿ ದುಡ್ಡು ಕೀಳುವುದಕ್ಕೆ ಕಳ್ಳತನ ಅಂತಲೇ ಹೆಸರು. ನಾನೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಮೊನ್ನೆ ಆ ಹುಡುಗನೇ ಫೋನ್ ಮಾಡಿದ. ಕಂಪನಿಯಿಂದ ಕರೆ ಬಂದರೆ ಹತ್ತಕ್ಕೆ ಹತ್ತು ಕೊಡಬೇಕಂತೆ, ಒಂಬತ್ತು ಬಂದರೂ ಅವನ ಇನ್ಸೆಂಟಿವ್ ಕಟ್. ಕಾರ್ಬನ್ ಪ್ಯಾಕೇಜಿಗೂ ತಿಂಗಳ ಟಾರ್ಗೆಟ್ ಇದೆಯಂತೆ, ಅದನ್ನೂ ಅವನೇ ಹೇಳಿದ. ಹತ್ತು ಕೊಟ್ಟೆ. “ಥ್ಯಾಂಕ್ಸ್ ಸಾರ್, ಮುಂದಿನ ಸರ್ವಿಸಿಗೆ ಮರೀದೆ ಬನ್ನಿ. ಅಷ್ಟೊತ್ತಿಗೆ ಮತ್ತೆ ಕೂತಿರ್ತದೆ” ಅಂದ.