ಡೆಬಿಯನ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ: ಅಪ್‌ಗ್ರೇಡ್ ದಿನದ ಲೆಕ್ಕ

ಸರ್ವರ್‌ಗೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕೋಣ ಎಂದು ನನ್ನನ್ನು ಕೇಳುವ ಕಿರಿಯ ಸಹೋದ್ಯೋಗಿಗಳು ಸಾಮಾನ್ಯವಾಗಿ ವೇಗವನ್ನೂ ಸಿಗುವ ಪ್ಯಾಕೇಜ್‌ಗಳ ಸಂಖ್ಯೆಯನ್ನೂ ಹೋಲಿಸಿಕೊಂಡು ಬಂದಿರುತ್ತಾರೆ. ನಾನು ಅವರಿಗೆ ಹಾಕುವ ಮರುಪ್ರಶ್ನೆ ಒಂದೇ. ಮೂರು ವರ್ಷ ಕಳೆದ ಮೇಲೆ ಈ ಯಂತ್ರವನ್ನು ಮುಂದಿನ ಆವೃತ್ತಿಗೆ ಏರಿಸುವ ದಿನ, ಒಳಗಿನ ಯಾವ ಫೈಲು ಸಿಸ್ಟಮ್ಮಿನ ಜೊತೆ ಬಂದದ್ದು, ಯಾವುದು ನಾವು ಸೇರಿಸಿದ್ದು ಎಂಬುದು ಅದರ ಮುಂದೆ ಕೂತವರಿಗೆ ನೋಡಿದ ಕೂಡಲೇ ತಿಳಿಯುತ್ತದೆಯೇ? ಹದಿನೈದು ವರ್ಷಗಳಿಂದ ಲಿನಕ್ಸ್ ಮತ್ತು ಬಿಎಸ್‌ಡಿ (ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಸೇರಿದ, ಯುನಿಕ್ಸ್ ವಂಶದ ಕುಟುಂಬ) ಎರಡನ್ನೂ ನೋಡಿಕೊಂಡು ಬಂದಿರುವ ನನ್ನ ಮಟ್ಟಿಗೆ, ಉಳಿದ ಹೋಲಿಕೆಗಳೆಲ್ಲ ಇದರ ನಂತರದವು.

ಲಿನಕ್ಸ್ ಎನ್ನುವುದು ಹಾರ್ಡ್‌ವೇರನ್ನು ನಿಭಾಯಿಸುವ ಒಳತಿರುಳಾದ ಕರ್ನಲ್ ಮಾತ್ರ. ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಸಿ ಲೈಬ್ರರಿ, ಕಮಾಂಡ್‌ಗಳನ್ನು ಓದಿ ನಡೆಸುವ ಶೆಲ್, ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ, ದೂರದಿಂದ ಲಾಗಿನ್ ಆಗಲು ಬೇಕಾದ ಓಪನ್‌ಎಸ್‌ಎಸ್‌ಎಚ್, ಹೀಗೆ ಬೇರೆ ಬೇರೆ ತಂಡಗಳು ಬರೆದದ್ದನ್ನು ಡೆಬಿಯನ್‌ನಂತಹ ಯೋಜನೆ ಆರಿಸಿ, ಹೊಂದಿಸಿ, ಬೇಕಾದಲ್ಲಿ ತನ್ನದೇ ತಿದ್ದುಪಡಿಗಳನ್ನು ಹಾಕಿ ಕೊಡುತ್ತದೆ. 1993ರಿಂದ ಸ್ವಯಂಸೇವಕರು ಈ ಕೆಲಸವನ್ನು ನಡೆಸಿಕೊಂಡು ಬಂದಿರುವ ಶಿಸ್ತಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹೊಂದಿಸಿದ ವಸ್ತುವಿನಲ್ಲಿ ಕೀಲುಗಳು ಇರಲೇಬೇಕು, ಅಪಾಯ ನುಸುಳುವುದೂ ಆ ಕೀಲುಗಳ ಹತ್ತಿರವೇ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದೊಳಗೆ ಯಾರೋ ಜಾಣತನದಿಂದ ಸೇರಿಸಿದ್ದ ಹಿಂಬಾಗಿಲನ್ನು ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್ ಪತ್ತೆ ಮಾಡಿದಾಗ ಇದು ಎಲ್ಲರಿಗೂ ಕಾಣಿಸಿತು. ಮೂಲ ಓಪನ್‌ಎಸ್‌ಎಸ್‌ಎಚ್ ಎಕ್ಸ್‌ಝಡ್‌ನ ಲೈಬ್ರರಿಯನ್ನು ಬಳಸುವುದೇ ಇಲ್ಲ. ಸಿಸ್ಟಮ್‌ಡಿಗೆ ಸುದ್ದಿ ಮುಟ್ಟಿಸಲೆಂದು ಕೆಲವು ಲಿನಕ್ಸ್ ವಿತರಣೆಗಳು ಸೇರಿಸಿಕೊಂಡಿದ್ದ ಒಂದು ತಿದ್ದುಪಡಿಯ ದಾರಿಯಲ್ಲಿ ಅದು ಎಸ್‌ಎಸ್‌ಎಚ್ ಸರ್ವರ್‌ನೊಳಗೆ ಬಂದು ಕೂತಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ತಲುಪುವ ಮೊದಲೇ ಸಿಕ್ಕಿಬಿದ್ದದ್ದು ನಮ್ಮೆಲ್ಲರ ಪುಣ್ಯ.

ಫ್ರೀಬಿಎಸ್‌ಡಿಯಲ್ಲಿ ಕರ್ನಲ್, ಸಿ ಲೈಬ್ರರಿ, ಮೂಲ ಕಮಾಂಡ್‌ಗಳು, ಅವುಗಳ ಕೈಪಿಡಿಯಾದ ಮ್ಯಾನ್ ಪುಟಗಳು ಎಲ್ಲವೂ ಒಂದೇ ಮೂಲಸಂಕೇತದ ಮರದಲ್ಲಿದ್ದು, ಹೊರಗಿನವರು ಬರೆದ ಭಾಗಗಳನ್ನೂ ಸೇರಿಸಿಕೊಂಡು ಒಂದೇ ಯೋಜನೆ ಅವನ್ನು ಒಟ್ಟಿಗೆ ಕಟ್ಟಿ, ಪರೀಕ್ಷಿಸಿ, ಒಂದೇ ದಿನ ಬಿಡುಗಡೆ ಮಾಡುತ್ತದೆ. ನಾವು ಆಮೇಲೆ ಹಾಕಿಕೊಳ್ಳುವ ವೆಬ್ ಸರ್ವರ್, ಡೇಟಾಬೇಸ್ ಮುಂತಾದವು ತಮ್ಮ ಸಂರಚನಾ ಫೈಲುಗಳ ಸಮೇತ ಯುಎಸ್‌ಆರ್ ಕೆಳಗಿನ ಲೋಕಲ್ ಡೈರೆಕ್ಟರಿಗೆ ಹೋಗುತ್ತವೆ. ಗಡಿ ಅಷ್ಟು ಸ್ಪಷ್ಟ. ಬೇರೆಯವರು ಐದು ವರ್ಷ ನಡೆಸಿ ಬಿಟ್ಟುಹೋದ ಒಂದು ಫ್ರೀಬಿಎಸ್‌ಡಿ ಯಂತ್ರ ಒಮ್ಮೆ ನನ್ನ ಕೈಗೆ ಬಂತು. ಯಾವ ಟಿಪ್ಪಣಿಯೂ ಇರಲಿಲ್ಲ. ಆದರೂ ಆರ್‌ಸಿ ಡಾಟ್ ಕಾನ್ಫ್ ಎಂಬ ಒಂದು ಫೈಲನ್ನು ಓದಿ ಅದು ಏನೇನು ಸೇವೆ ಕೊಡುತ್ತಿದೆ ಎಂದು ತಿಳಿದುಕೊಳ್ಳುವುದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ.

ಇದಕ್ಕೆ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಝಡ್‌ಎಫ್‌ಎಸ್ ಸೇರಿದ ಮೇಲೆ ಅಪ್‌ಗ್ರೇಡ್ ದಿನದ ಭಯವೇ ಬೇರೆಯಾಯಿತು. 2008ರಲ್ಲಿ ಬಂದ 7.0 ಆವೃತ್ತಿಯಿಂದ ಫ್ರೀಬಿಎಸ್‌ಡಿಯ ಜೊತೆಗೇ ಬರುವ ಈ ಫೈಲ್‌ಸಿಸ್ಟಮ್‌ನಲ್ಲಿ, ಈಗಿನ ವ್ಯವಸ್ಥೆಯ ಸಂಪೂರ್ಣ ನಕಲನ್ನು ಬೂಟ್ ಎನ್‌ವಿರಾನ್‌ಮೆಂಟ್ ಎಂಬ ಹೆಸರಿನಲ್ಲಿ ಕ್ಷಣಮಾತ್ರದಲ್ಲಿ ತೆಗೆದಿಟ್ಟುಕೊಳ್ಳಬಹುದು. ಹೊಸ ಆವೃತ್ತಿ ಕೈಕೊಟ್ಟರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿದರಾಯಿತು, ಯಂತ್ರ ನಿನ್ನೆಯ ಸ್ಥಿತಿಯಲ್ಲಿ ಎದ್ದು ನಿಲ್ಲುತ್ತದೆ. ಲಿನಕ್ಸ್‌ನಲ್ಲೂ ಝಡ್‌ಎಫ್‌ಎಸ್ ಇದೆ, ಆದರೆ ಲೈಸೆನ್ಸ್‌ಗಳು ಹೊಂದದ ಕಾರಣ ಅದು ಕರ್ನಲ್‌ನ ಹೊರಗೇ ಉಳಿದಿದೆ. ಒಂದು ರಾತ್ರಿ ಕರ್ನಲ್ ಅಪ್‌ಡೇಟ್ ಆದ ಮೇಲೆ ಹೊಸ ಕರ್ನಲ್‌ಗೆ ತಕ್ಕ ಝಡ್‌ಎಫ್‌ಎಸ್ ಮಾಡ್ಯೂಲ್ ಕಟ್ಟಿಕೊಳ್ಳದೆ, ಬ್ಯಾಕಪ್ ಇದ್ದ ಇಡೀ ಪೂಲ್ (ಒಟ್ಟುಗೂಡಿಸಿದ ಡಿಸ್ಕ್‌ಗಳ ಸಂಗ್ರಹ) ಬೆಳಗಿನವರೆಗೆ ಕಾಣಿಸದೇ ಹೋದದ್ದನ್ನು ನಾನು ಅನುಭವಿಸಿದ್ದೇನೆ. ಡೇಟಾ ಸುರಕ್ಷಿತವಾಗಿತ್ತು. ಆ ರಾತ್ರಿ ಅದು ನನಗೆ ಗೊತ್ತಿರಲಿಲ್ಲ.

ಓಪನ್‌ಬಿಎಸ್‌ಡಿಯ ಸ್ವಭಾವ ಇನ್ನೂ ಕಟ್ಟುನಿಟ್ಟಿನದು. ಥಿಯೊ ಡಿ ರಾಟ್ 1995ರಲ್ಲಿ ನೆಟ್‌ಬಿಎಸ್‌ಡಿಯಿಂದ ಬೇರೆಯಾಗಿ ಆರಂಭಿಸಿದ ಈ ಯೋಜನೆ ಸುಮಾರು ಆರು ತಿಂಗಳಿಗೊಂದು ಆವೃತ್ತಿ ಕೊಡುತ್ತದೆ, ಇತ್ತೀಚಿನ ಎರಡಕ್ಕೆ ಮಾತ್ರ ಭದ್ರತಾ ತಿದ್ದುಪಡಿ ಕೊಡುತ್ತದೆ, ನಡುವಿನ ಆವೃತ್ತಿಯನ್ನು ಹಾರಿ ಏರುವುದನ್ನು ಒಪ್ಪುವುದಿಲ್ಲ. ಮೂರು ವರ್ಷ ಮುಟ್ಟದೆ ಬಿಟ್ಟ ಯಂತ್ರವನ್ನು ಆರು ಮೆಟ್ಟಿಲು ಒಂದೊಂದಾಗಿ ಹತ್ತಿಸಬೇಕು. ಮೊದಲು ಇದು ನನಗೆ ಹಟಮಾರಿತನವಾಗಿ ಕಂಡಿತ್ತು. ಆದರೆ 2019ರ 6.6 ಆವೃತ್ತಿಯಲ್ಲಿ ಸಿಸ್‌ಅಪ್‌ಗ್ರೇಡ್ ಕಮಾಂಡ್ ಬಂದ ಮೇಲೆ ಆ ಮೆಟ್ಟಿಲು ಎಷ್ಟು ಚಿಕ್ಕದು ಎಂಬುದು ಅರ್ಥವಾಯಿತು. ಅದನ್ನು ಕೊಟ್ಟು, ಚಹಾ ಕುಡಿದು ಬರುವಷ್ಟರಲ್ಲಿ ನಮ್ಮ ಫೈರ್‌ವಾಲ್ ಹೊಸ ಆವೃತ್ತಿಯಲ್ಲಿ ನಡೆಯುತ್ತಿರುತ್ತದೆ. 2001ರ ಕೊನೆಯಲ್ಲಿ ಬಂದ, ಓಪನ್‌ಬಿಎಸ್‌ಡಿಯ ಫೈರ್‌ವಾಲ್ ತಂತ್ರಾಂಶವಾದ ಪಿಎಫ್‌ನ ನಿಯಮಗಳನ್ನು ಓದುವುದು ವಾಕ್ಯ ಓದಿದಷ್ಟೇ ಸಲೀಸು. ಮ್ಯಾನ್ ಪುಟಗಳ ವಿಷಯದಲ್ಲಂತೂ ಓಪನ್‌ಬಿಎಸ್‌ಡಿಗೆ ಸಾಟಿ ಎನ್ನಬಹುದಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ: ಅಲ್ಲಿ ದಾಖಲೆಯಲ್ಲಿನ ತಪ್ಪನ್ನೂ ಪ್ರೋಗ್ರಾಮ್‌ನ ದೋಷದಷ್ಟೇ ಗಂಭೀರವಾಗಿ ಎಣಿಸುತ್ತಾರೆ.

ಅದರ ದೌರ್ಬಲ್ಯ ಫೈಲ್‌ಸಿಸ್ಟಮ್‌ನಲ್ಲಿದೆ. ಬದಲಾವಣೆಗಳನ್ನು ಮೊದಲೇ ದಾಖಲಿಸಿಟ್ಟುಕೊಂಡು, ಕರೆಂಟ್ ಹೋದರೂ ಬೇಗ ಸರಿಪಡಿಸಿಕೊಳ್ಳಲು ನೆರವಾಗುವ ಜರ್ನಲಿಂಗ್ ಇಲ್ಲ. ಬೇಸಿಗೆಯಲ್ಲಿ ಮತ್ತೆಮತ್ತೆ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಯುಪಿಎಸ್ ಬ್ಯಾಟರಿ ಸತ್ತಿದ್ದ ಒಂದು ಸಂಜೆ ಶಾಖಾ ಕಚೇರಿಯ ಫೈರ್‌ವಾಲ್ ಆರಿಹೋಗಿ, ಮತ್ತೆ ಹೊತ್ತಿದಾಗ ಫೈಲ್‌ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಕಮಾಂಡನ್ನು ಕೈಯಿಂದಲೇ ನಡೆಸಬೇಕೆಂದು ಹೇಳಿ ನಿಂತುಬಿಟ್ಟಿತ್ತು. ಅಲ್ಲಿ ಕೀಬೋರ್ಡ್ ಮುಂದೆ ಕೂರಬಲ್ಲವರು ಯಾರೂ ಇರಲಿಲ್ಲ, ಬಸ್ ಹತ್ತಿ ನಾನೇ ಹೋಗಬೇಕಾಯಿತು.

ಎಷ್ಟು ವರ್ಷ ಬೆಂಬಲ ಸಿಗುತ್ತದೆ ಎಂಬ ಭರವಸೆಯನ್ನೇ ನೆಚ್ಚಿಕೊಂಡವರು 2020ರ ಡಿಸೆಂಬರ್‌ ಅನ್ನು ಮರೆತಿರಲಾರರು. 2029ರವರೆಗೆ ಇರುತ್ತದೆಂದು ನಂಬಿದ್ದ, ರೆಡ್ ಹ್ಯಾಟ್ ಕಂಪನಿಯ ಹಿಡಿತದಲ್ಲಿದ್ದ ಲಿನಕ್ಸ್ ವಿತರಣೆ ಸೆಂಟ್‌ಓಎಸ್ 8, 2021ರ ಕೊನೆಗೇ ಮುಗಿಯುವುದೆಂದು ಆಗ ಪ್ರಕಟವಾಯಿತು. ಅದರ ಜಾಗ ತುಂಬಲೆಂದು ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಹುಟ್ಟಿದ್ದು ಆ ತಬ್ಬಿಬ್ಬಿನಲ್ಲಿ. ಡೆಬಿಯನ್ ಮತ್ತು ಬಿಎಸ್‌ಡಿಗಳ ಹಿಂದೆ ಹೀಗೆ ಒಂದೇ ನಿರ್ಧಾರದಿಂದ ದಾರಿ ಬದಲಿಸಬಲ್ಲ ಒಡೆಯ ಕಂಪನಿ ಇಲ್ಲ ಎನ್ನುವುದಕ್ಕೆ ನಾನು ದೊಡ್ಡ ಬೆಲೆ ಕೊಡುತ್ತೇನೆ.

ಹಾಗೆಂದು ಎಲ್ಲವನ್ನೂ ಬಿಎಸ್‌ಡಿಗೆ ಸಾಗಿಸಿ ಎಂದು ನಾನು ಹೇಳಲಾರೆ. ಡಾಕರ್ ಕಂಟೇನರ್‌ಗಳಲ್ಲಿ (ಬೇಕಾದ್ದೆಲ್ಲವನ್ನೂ ಸೇರಿಸಿ ಕಟ್ಟಿದ ಪೊಟ್ಟಣಗಳಲ್ಲಿ) ಬರುವ ತಂತ್ರಾಂಶ, ಲಿನಕ್ಸ್‌ಗೆ ಮಾತ್ರ ಬೆಂಬಲ ಕೊಡುವ ಮಾರಾಟಗಾರರು, ಹೊಸ ಹಾರ್ಡ್‌ವೇರ್‌ನ ಡ್ರೈವರ್‌ಗಳು, ರಜೆಯಲ್ಲಿ ನನ್ನ ಬದಲಿಗೆ ಕೆಲಸ ನೋಡಬಲ್ಲವರು, ಇವೆಲ್ಲ ಲಿನಕ್ಸ್ ಕಡೆ ಸುಲಭವಾಗಿ ಸಿಗುತ್ತವೆ. ಫ್ರೀಬಿಎಸ್‌ಡಿಯಲ್ಲಿ 2000ದಿಂದಲೇ ಇರುವ, ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಆವರಣದಲ್ಲಿ ನಡೆಸುವ ಜೈಲ್‌ಗಳು ಅಚ್ಚುಕಟ್ಟಾಗಿದ್ದರೂ, ಡಾಕರ್‌ಗಾಗಿ ತಯಾರಾದ ಒಂದು ಇಮೇಜ್ ಅನ್ನು ಅಲ್ಲಿ ಹಾಗೆಯೇ ತಂದು ನಡೆಸಲಾಗದು. ಆದ್ದರಿಂದ ನಮ್ಮಲ್ಲಿ ಅಪ್ಲಿಕೇಶನ್‌ಗಳು ಡೆಬಿಯನ್ ಮೇಲಿವೆ, ಫೈಲುಗಳೂ ಬ್ಯಾಕಪ್ಪುಗಳೂ ಫ್ರೀಬಿಎಸ್‌ಡಿ ಮೇಲಿವೆ, ಹೊರಬಾಗಿಲನ್ನು ಓಪನ್‌ಬಿಎಸ್‌ಡಿ ಕಾಯುತ್ತಿದೆ. ಆ ಬಸ್ ಪ್ರಯಾಣದ ನಂತರ ಪ್ರತಿ ಫೈರ್‌ವಾಲ್‌ನ ಪಕ್ಕದಲ್ಲೂ ಒಂದು ಸೀರಿಯಲ್ ಕನ್ಸೋಲ್ (ದೂರದಿಂದಲೇ ಅದರ ಕೀಬೋರ್ಡ್ ಮುಂದೆ ಕೂತಂತೆ ಕೆಲಸ ಮಾಡಿಸುವ ಸಂಪರ್ಕ) ಜೋಡಿಸಿದ್ದೇನೆ, ಯುಪಿಎಸ್ ಬ್ಯಾಟರಿ ಬದಲಿಸಬೇಕಾದ ದಿನಾಂಕವನ್ನು ಅಪ್‌ಗ್ರೇಡ್ ದಿನಾಂಕದ ಪಕ್ಕದಲ್ಲೇ ಬರೆದಿಡುತ್ತೇನೆ.