ಇವಿ ಬ್ಯಾಟರಿ ಮೂರೇ ವರ್ಷಕ್ಕೆ ಹಾಳಾಗುತ್ತಾ? ಒಂದು ಸ್ಪಷ್ಟನೆ

‘ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯೂ ಮೊಬೈಲ್ ಬ್ಯಾಟರಿ ಥರಾನೇ, ಮೂರು ವರ್ಷಕ್ಕೆ ಬದಲಿಸಲೇಬೇಕು’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಎರಡರಲ್ಲೂ ಇರುವುದು ಲಿಥಿಯಂ ಅಯಾನ್ ಸೆಲ್‌ಗಳೇ, ನಿಜ. ಆದರೆ ಕಾರಿನಲ್ಲಿ ಅವುಗಳ ಆರೈಕೆಯೇ ಬೇರೆ. ಹೆಚ್ಚಿನ ಕಾರುಗಳ ಬ್ಯಾಟರಿ ಪ್ಯಾಕ್‌ನಲ್ಲಿ ಕೂಲೆಂಟ್ (ತಂಪುಗೊಳಿಸುವ ದ್ರವ) ಹರಿದು ಬಿಸಿಯನ್ನು ಹೊರಗೆಳೆಯುತ್ತದೆ. ಸೆಲ್‌ಗಳ ವೋಲ್ಟೇಜ್ ಏರುಪೇರಾಗದಂತೆ ಒಂದು ಕಂಪ್ಯೂಟರ್ ಸದಾ ನೋಡಿಕೊಳ್ಳುತ್ತದೆ. ಅದಕ್ಕೇ ಅಲ್ವಾ, ಎಷ್ಟೋ ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುವುದು? ಅಷ್ಟರೊಳಗೆ ಬ್ಯಾಟರಿಯ ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಸರಿಪಡಿಸುವ ಹೊಣೆ ಸಾಮಾನ್ಯವಾಗಿ ಅವರದೇ.

ಬ್ಯಾಟರಿ ಸವೆಯುವುದೇ ಇಲ್ಲ ಅಂತಲ್ಲ. 2010ರಲ್ಲಿ ಬಂದ ನಿಸಾನ್ ಲೀಫ್ ಎಂಬ ಎಲೆಕ್ಟ್ರಿಕ್ ಕಾರಿನಲ್ಲಿ ಕೂಲೆಂಟ್ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದ ಬಿಸಿಲಿಗೆ ಅಂಥ ಕೆಲವು ಕಾರುಗಳ ರೇಂಜ್ (ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ) ಬೇಗ ಕುಸಿಯಿತು. ಹಳೇ ಇವಿ ಕೊಳ್ಳುವವರು ಬ್ಯಾಟರಿ ಹೆಲ್ತ್ ರಿಪೋರ್ಟ್ ಕೇಳಲೇಬೇಕು.